ಪ್ಯಾಟ್ಯಾಗ ಮಗ ಉಳ್ಳಾಡಿ ಅಳತಾನ, ಮನ್ಯಾಗ ಮಾವನವರು ತಾಟು ದೂಡತಾರ. ಏನ್ ಮಾಡೂದು?

ಪ್ರಶ್ನೆ (ಹುಬ್ಬಳ್ಳಿ):
ಮಗನಿಗೆ ಎರಡೂವರಿ ವರ್ಷ. ದುರ್ಗದಬೈಲಿನಾಗ ಪುಗ್ಗಾ (ಬಲೂನು) ಕಂಡ್ರ ನೆಲಕ್ಕ ಬಿದ್ದು ಒದರತಾನ. ನಾನು ಬ್ಯಾಡ ಅಂತೀನಿ, ಹತ್ತು ನಿಮಿಷ ಅತ್ತಮ್ಯಾಲೆ ಅತ್ತಿಯವರು ಕೊಡಸ್ತಾರ. ಒಮ್ಮೊಮ್ಮೆ ಉಸಿರು ಕಟ್ಟಿ ತುಟಿ ನೀಲಿ ಆಗ್ತಾವ. ಇನ್ನ ಮಾವನವರಿಗೆ 68. ಶಾಂತ ಮನಷ್ಯಾ, ಒಂದು ತಿಂಗಳಿಂದ ಊಟ ತಡ ಆದ್ರ ತಾಟು ದೂಡತಾರ. ಇಬ್ಬರನ್ನೂ ಹ್ಯಾಂಗ ಸಂಭಾಳಸಬೇಕು?

ಉತ್ತರ (ಧಾರವಾಡ, ಮಕ್ಕಳ ಆಪ್ತಸಮಾಲೋಚಕಿ):
ತಂಗೀ, ಹತ್ತು ನಿಮಿಷ ಅತ್ತಮ್ಯಾಲೆ ಕೊಡಸಿದ್ರ, ಹತ್ತು ನಿಮಿಷ ಅತ್ರ ಸಿಗತೈತಿ ಅಂತ ಕಲಿಸಿದಂಗ. ಕೊಡಸೂದಿದ್ರ ಕೇಳಿದ ಕೂಡಲೇ ಕೊಡಸ್ರಿ, ಇಲ್ಲಂದ್ರ ಕಡೀತನಕ ಇಲ್ಲ. ಇದನ್ನ ಅತ್ತಿಯವರ ಜೋಡಿ ಮನಿ ಬಿಡೂಕಿಂತ ಮೊದಲ ಮಾತಾಡಿಕೊಳ್ರಿ. ಒಮ್ಮೆ ಕೊಟ್ಟು ಒಮ್ಮೆ ಬಿಟ್ರ ಹಟ ಇನ್ನೂ ಗಟ್ಟಿ ಆಗತೈತಿ.

ಒದರಾಕ ಹತ್ತಿದ್ರ ಗಾಡಿ ಓಡಾಡೂ ದಾರಿಯಿಂದ ಎತ್ತಿ ಬದಿಗೆ ತರ್ರಿ. ಅವನ ಕಣ್ಣಿನ ಮಟ್ಟಕ್ಕ ಕುಂತು ಒಂದೇ ಮಾತು: "ಪುಗ್ಗಾ ಬೇಕಾಗಿತ್ತು, ಸಿಟ್ಟು ಬಂದೈತಿ. ನಾ ಇಲ್ಲೇ ಅದೀನಿ." ಆಮ್ಯಾಲೆ ಸುಮ್ಮನಿರ್ರಿ. "ಯಾಕ ಅಳತಿ?" ಅಂತ ಕೇಳಬ್ಯಾಡ್ರಿ, ಪೊಲೀಸರ ಹೆಸರಿಲೆ ಹೆದರಸಬ್ಯಾಡ್ರಿ. ಆ ಹೊತ್ತಿನ್ಯಾಗ ಮಾತು ತಲಿಗೆ ಹೋಗೂದಿಲ್ಲ, ಕೂಗು ಬೆಳೀತೈತಿ. ಮೊದಲ ಕೂಗು ಇಳೀತೈತಿ, ಬಿಕ್ಕು ಉಳೀತೈತಿ. ಬಿಕ್ಕು ಶುರು ಆದಾಗ ಎತ್ಕೊಳ್ರಿ, ನೀರು ಕುಡಸ್ರಿ, ಮುಂದ ನಡೀರಿ. ಮನಿಗೆ ಹೋಗಿ ಮತ್ತ ಬೈಯೂದು ಬ್ಯಾಡ.

ಕೊಡೂದು ಬಿಟ್ಟ ಮೊದಲ ಒಂದೆರಡು ವಾರ ರಂಪಾಟ ಹೆಚ್ಚಾಗತೈತಿ. ಅಲ್ಲೇ ಎಲ್ಲಾರೂ ಸೋಲೂದು. ಸಂತಿ ಮಾಡೂದು ನಿದ್ದಿ, ಊಟ ಆದಮ್ಯಾಲೆ ಇಟ್ಕೊಳ್ರಿ, ಚೀಲದಾಗ ಬಾಳೆಹಣ್ಣು, ಚುರಮರಿ ಇರಲಿ. ಹಸಿವಿ, ನಿದ್ದಿಗೆಟ್ಟ ಹೊತ್ತಿನ್ಯಾಗನ ಹೆಚ್ಚು ಕೆರಳತಾವ ಮಕ್ಕಳು.

ಉತ್ತರ (ಗದಗ, ಮಕ್ಕಳ ವೈದ್ಯ):
ಉಸಿರು ಕಟ್ಟೂದಕ್ಕ: ಅತ್ತು, ಉಸಿರು ಹೊರಗ ಬಿಟ್ಟು, ಒಳಗ ಎಳಕೊಳ್ಳದ ನೀಲಿ ಆಗೂದು ಆರು ತಿಂಗಳಿಂದ ಆರು ವರ್ಷದೊಳಗಿನ ಮಕ್ಕಳಾಗ ಕಾಣತೈತಿ. ಸಾಮಾನ್ಯವಾಗಿ ಒಂದು ನಿಮಿಷದೊಳಗ ತಾನ ಉಸಿರಾಡತಾವ. ಮಗ್ಗಲಾಗಿ ಮಲಗಸ್ರಿ. ಬಾಯಾಗ ಏನೂ ಹಾಕಬ್ಯಾಡ್ರಿ, ಅಲುಗಾಡಸಬ್ಯಾಡ್ರಿ. ಆದ್ರೂ ಒಮ್ಮೆ ವೈದ್ಯರಿಗೆ ತೋರಸ್ರಿ, ಹಿಮೋಗ್ಲೋಬಿನ್, ಫೆರಿಟಿನ್ (ಮೈಯಾಗ ಕೂಡಿಟ್ಟ ಕಬ್ಬಿಣಾಂಶದ ಅಳತಿ) ನೋಡಸ್ರಿ. ಕಬ್ಬಿಣಾಂಶ ಕಡಿಮಿ ಇದ್ರ ಇದು ಹೆಚ್ಚು, ಸರಿಪಡಿಸಿದ್ರ ಕಡಿಮಿ ಆಗತೈತಿ. ದಿನಾ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಕೊಡಬ್ಯಾಡ್ರಿ, ಚಹಾ ಅಂತೂ ಬ್ಯಾಡೇ ಬ್ಯಾಡ. ಉಸಿರು ಕಟ್ಟೂದು ಒಂದು ನಿಮಿಷ ದಾಟಿದ್ರ, ಅಳದನ ಉಸಿರು ಕಟ್ಟಿದ್ರ, ಆಡೂ ಮುಂದ ಎಚ್ಚರ ತಪ್ಪಿ ಬಿದ್ರ ತಡಮಾಡದ ಆಸ್ಪತ್ರೆಗೆ ಒಯ್ಯಿರಿ.

ಉತ್ತರ (ಹಾವೇರಿ):
ಮಾವನವರ ವಿಷಯ ಬ್ಯಾರೆ. ಶಾಂತ ಇದ್ದವರು ಒಂದು ತಿಂಗಳದಾಗ ಬದಲಾದ್ರ ಮೊದಲ ಮೈ ನೋಡಸ್ರಿ: ಮೂತ್ರದ ಸೋಂಕು, ಥೈರಾಯ್ಡ್, ಮಲಬದ್ಧತೆ, ಹಲ್ಲುನೋವು, ಹೊಸ ಗುಳಿಗಿ, ಕಿವಿ ಮಂದ, ಮರೆವು. ಸಕ್ಕರೆ ಕಾಯಿಲೆ ಐತೇನು?

ಪ್ರಶ್ನೆ ಕೇಳಿದವರು:
ಹೌದ್ರೀ, ಗುಳಿಗಿ ನಡದಾವ. ಸಿಟ್ಟು ಬಂದಾಗ ಬೆವರತಾರ, ಕೈ ನಡಗತಾವ.

ಉತ್ತರ (ಹಾವೇರಿ):
ಹಂಗಂದ್ರ ಸಕ್ಕರೆ ಇಳಿದಿರಬಹುದು. ಆ ಹೊತ್ತಿನ್ಯಾಗ ವಾದ ಮಾಡಬ್ಯಾಡ್ರಿ, ಗ್ಲುಕೋಮೀಟರ್ (ರಕ್ತದಾಗಿನ ಸಕ್ಕರೆ ಅಳಿಯೂ ಮೀಟರ್) ಹಚ್ರಿ. 70ರ ಕೆಳಗ ಇದ್ರ ಮೂರು ಚಹಾಚಮಚ ಸಕ್ಕರೆ ನೀರಾಗ ಕಲಸಿ ಕುಡಸ್ರಿ, 15 ನಿಮಿಷಕ್ಕ ಮತ್ತ ನೋಡ್ರಿ, ಸರಿಯಾದ ಕೂಡಲೇ ಊಟ ಹಾಕ್ರಿ. ಎಚ್ಚರ ತಪ್ಪಿದ್ರ ಬಾಯಿಗೆ ಏನೂ ಹಾಕಬ್ಯಾಡ್ರಿ, 108ಕ್ಕ ಫೋನ್ ಮಾಡ್ರಿ. ಗುಳಿಗಿ ನೀವಾಗೇ ನಿಲ್ಲಸಬ್ಯಾಡ್ರಿ. ಗುಳಿಗಿ ಹೊತ್ತು, ಊಟದ ಹೊತ್ತು, ಮೀಟರಿನ ಅಂಕಿ ಬರದಿಟ್ಟು ಈ ವಾರನ ವೈದ್ಯರಿಗೆ ತೋರಸ್ರಿ.

ಎಲ್ಲಾ ಪರೀಕ್ಷೆ ಸರಿ ಬಂದು, ಹೊರಗಿನವರ ಮುಂದ ಸುಮ್ಮನಿದ್ದು ನಿಮ್ಮ ಮ್ಯಾಲೆ ಮಾತ್ರ ಒದರಿದ್ರ, "ತಾಟು ದೂಡಿದ್ರ ಬಡಿಸೂದು ನಿಂತು, ಶಾಂತ ಆದಮ್ಯಾಲೆ ಮತ್ತ" ಅನ್ನೂ ಮಾತನ್ನ ನಿಮ್ಮ ಯಜಮಾನರು ಹೇಳಬೇಕು, ನೀವಲ್ಲ. ಅದೂ ಸಿಟ್ಟಿನ ಹೊತ್ತಿನ್ಯಾಗಲ್ಲ, ಮರುದಿನ. ಮನೋವೈದ್ಯರು ಬೇಕಾದ್ರ ಧಾರವಾಡದ ಡಿಮ್ಹಾನ್ಸ್ (ಸರಕಾರಿ ಮಾನಸಿಕ ಆರೋಗ್ಯ ಸಂಸ್ಥೆ) ಐತಿ, ಫೋನಿನ್ಯಾಗ ಮಾತಾಡಾಕ ಟೆಲಿ ಮಾನಸ್ 14416, ಕನ್ನಡದಾಗನ ಮಾತಾಡತಾರ.