ಅಕ್ಕಿ ಮೂಟೆ ಎಣಿಸಲು ಹಡಗಿನ ಕಡೆಯಿಂದಲೂ ಟ್ಯಾಲಿ (ಎಣಿಕೆ) ಬೇಕಾ?

ಥರ್ಡ್‌ಮೇಟ್: ಕಾಕಿನಾಡದಲ್ಲಿ ಪಶ್ಚಿಮ ಆಫ್ರಿಕಾಕ್ಕೆ 50 ಕೆಜಿ ಅಕ್ಕಿ ಮೂಟೆ ತುಂಬುತ್ತಿದ್ದೇವೆ. ಸರಕಿನವರು ಎಣಿಸುತ್ತಿದ್ದಾರೆ. ಆದರೂ ನಮ್ಮ ಪರವಾಗಿ ಬೇರೆ ಎಣಿಕೆಯವರು ಬೇಕು ಅಂತಾರೆ ಕ್ಯಾಪ್ಟನ್. ಡ್ರಾಫ್ಟ್ ಸರ್ವೆ ಸಾಲಲ್ವಾ?

ಕುಡ್ಲದ_ಚೀಫ್: ಸಾಲಲ್ಲ ಮಾರಾಯ. ಡ್ರಾಫ್ಟ್ ಸರ್ವೆ ಹಡಗು ಎಷ್ಟು ಮುಳುಗಿದೆ ಅಂತ ನೋಡಿ ತೂಕ ಹೇಳುತ್ತದೆ, ಮೂಟೆ ಎಣಿಸಲ್ಲ. ಅದರಲ್ಲಿ ಅರ್ಧ ಪರ್ಸೆಂಟ್ ಹೆಚ್ಚುಕಮ್ಮಿ ಮಾಮೂಲಿ. 25,000 ಟನ್‌ಗೆ ಲೆಕ್ಕ ಹಾಕು, 125 ಟನ್, ಅಂದರೆ 2,500 ಮೂಟೆ! ಬಿಲ್ ಆಫ್ ಲೇಡಿಂಗ್‌ನಲ್ಲಿ (ಸರಕು ಹಡಗಿಗೆ ಬಂತು ಅಂತ ಕೊಡುವ ಪತ್ರ) ಮೂಟೆಗಳ ಸಂಖ್ಯೆ ಬರೆದು ಸಹಿ ಹಾಕಿದ ಮೇಲೆ, ಅಲ್ಲಿ ಇಳಿಸುವಾಗ ಕಮ್ಮಿ ಬಂದರೆ ಕ್ಲೇಮ್ ಹಡಗಿನ ಮೇಲೇ ಬರುತ್ತದೆ.

ಥರ್ಡ್‌ಮೇಟ್: ಹಾಗಾದರೆ ಇದು ಕಾನೂನಿನ ಪ್ರಕಾರ ಕಡ್ಡಾಯನಾ ಸರ್? ಖರ್ಚು ಯಾರದು?

ಲಂಗರು: ಖರ್ಚಿನ ಮಾತು ಚಾರ್ಟರ್ ಪಾರ್ಟಿಯಲ್ಲಿ (ಹಡಗು ಬಾಡಿಗೆ ಒಪ್ಪಂದ) ಇರುತ್ತದೆ, ಓದಿ. ಕಡ್ಡಾಯವೋ ಅಲ್ಲವೋ, ಪಿ ಅಂಡ್ ಐ ಕ್ಲಬ್‌ಗಳು (ಹಡಗು ಮಾಲೀಕರ ವಿಮಾ ಸಂಘಗಳು) ಮೂಟೆ ಸರಕಿಗೆ ಇದನ್ನೇ ಹೇಳುತ್ತವೆ. ಬಾರ್ಜ್‌ನಲ್ಲಿ (ಚಪ್ಪಟೆ ಸರಕು ದೋಣಿ) ಬರುವ ಸರಕಾದರೆ ಬಾರ್ಜ್ ಚೀಟಿ ನಂಬಬೇಡಿ, ಹಡಗಿನ ಪಕ್ಕದಲ್ಲೇ ಪ್ರತಿ ಸ್ಲಿಂಗ್ (ಒಮ್ಮೆಗೆ ಎತ್ತುವ ಮೂಟೆಗಳ ಕಟ್ಟು) ಎಣಿಸಲಿ. ಹರಿದ ಮೂಟೆ, ಒದ್ದೆ ಮೂಟೆ ಬೇರೆ ಬರೆಯಿರಿ. ದಿನಾ ಶಿಫ್ಟ್ ಮುಗಿದಾಗ ಎರಡೂ ಕಡೆಯ ಲೆಕ್ಕ ತಾಳೆ ನೋಡಿ. ಕೊನೇ ದಿನಕ್ಕೆ ಬಿಟ್ಟರೆ ಸುಮ್ನೆ ಜಗಳ, ಏಜೆಂಟ್ ಬೇರೆ ತಲೆ ತಿಂತಾನೆ. ತಾಳೆಯಾಗದಿದ್ದರೆ ಮೇಟ್ಸ್ ರಿಸೀಟ್‌ನಲ್ಲಿ (ಸರಕು ಬಂದದ್ದಕ್ಕೆ ಹಡಗಿನ ಅಧಿಕಾರಿ ಕೊಡುವ ರಸೀದಿ) ನಿಮ್ಮ ಲೆಕ್ಕವನ್ನೇ ಬರೆಯಿರಿ.