ಐಇಎಸ್‌ಗೆ ಗಣಿತ ಎಷ್ಟು ಬೇಕು?

ಪ್ರಶ್ನೆ: ಬಿಎ ಅರ್ಥಶಾಸ್ತ್ರ, ಕೊನೆಯ ವರ್ಷ. ಪಿಯುಸಿಯಲ್ಲಿ ಗಣಿತ ಇರಲಿಲ್ಲ. ಐಇಎಸ್ (ಭಾರತೀಯ ಆರ್ಥಿಕ ಸೇವೆ) ಪರೀಕ್ಷೆ ಬರೆಯಬಹುದೇ?

ಉತ್ತರ 1: ಬಿಎ ಸಾಲದು. ಯುಪಿಎಸ್‌ಸಿ ನಡೆಸುವ ಈ ಪರೀಕ್ಷೆಗೆ ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಬೇಕು. ಲಿಖಿತ 1000 ಅಂಕ, ಸಂದರ್ಶನ 200. ಪಿಯುಸಿ ಗಣಿತ ಕಡ್ಡಾಯವಲ್ಲ.

ಉತ್ತರ 2: ಕಡ್ಡಾಯವಲ್ಲ ನಿಜ, ಆದರೆ ಎಡವುವುದು ಅಲ್ಲೇ. ಅರ್ಥಶಾಸ್ತ್ರದ ಮೊದಲ ಪತ್ರಿಕೆಯಲ್ಲೇ ಇಕನಾಮೆಟ್ರಿಕ್ಸ್, ಅಂದರೆ ಆರ್ಥಿಕ ಅಂಕಿಅಂಶಗಳನ್ನು ಗಣಿತದಿಂದ ವಿಶ್ಲೇಷಿಸುವ ವಿಷಯ, ಇದೆ. ಈಗಿನಿಂದಲೇ ಕ್ಯಾಲ್ಕುಲಸ್, ಮ್ಯಾಟ್ರಿಕ್ಸ್ ಹಿಡಿಯಿರಿ. ಆಮೇಲೆ ಸಂಭವನೀಯತೆ, ಕೊನೆಗೆ ರಿಗ್ರೆಷನ್ (ಒಂದು ಅಂಶ ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆ ಎಂದು ಅಂದಾಜಿಸುವ ವಿಧಾನ). ಈ ಕ್ರಮ ದಯವಿಟ್ಟು ತಪ್ಪಿಸಬೇಡಿ. ಸಂಭವನೀಯತೆ ಬಿಟ್ಟು ರಿಗ್ರೆಷನ್‌ಗೆ ಹಾರಿದರೆ ಸೂತ್ರ ಬಾಯಿಪಾಠವಾಗುತ್ತದೆ, ಬಂದ ಫಲಿತಾಂಶಕ್ಕೆ ಅರ್ಥ ಬರೆಯಲು ಕೈ ಓಡುವುದಿಲ್ಲ.

ಪ್ರಶ್ನೆ ಕೇಳಿದವರು: ಐಇಎಸ್ ಆಗದಿದ್ದರೆ?

ಉತ್ತರ 1: ರಿಸರ್ವ್ ಬ್ಯಾಂಕಿನ ಗ್ರೇಡ್ ಬಿ ಅಧಿಕಾರಿ ಹುದ್ದೆ, ಡಿಇಪಿಆರ್ (ಆರ್ಥಿಕ ಮತ್ತು ನೀತಿ ಸಂಶೋಧನಾ) ವಿಭಾಗ ನೋಡಿ. ಓದು ಬಹುಪಾಲು ಅದೇ. ಸಾಮಾನ್ಯ ವರ್ಗಕ್ಕೆ ಎಂಎಯಲ್ಲಿ ಶೇ. 55 ಬೇಕು, ಮೊದಲ ಸೆಮಿಸ್ಟರಿನಿಂದಲೇ ಗಮನವಿರಲಿ.