ಶೇಷಣ್ಣನ ಕ್ಯಾಮೆರಾ ಯುದ್ಧಕ್ಕೆ ಹೋದದ್ದು

ಶೇಷಣ್ಣ ಬೆಳಗ್ಗೇನೇ ತನ್ನ ಕೊಬ್ಬರಿ ಮಂಡಿಯಲ್ಲಿ ಒಂದು ಬಣ್ಣದ ಪುಸ್ತಿಕೆ ಹಿಡಿದು ಕೂತಿದ್ದ. ಮುಖ ಮಾತ್ರ ಕೊಬ್ಬರಿ ರೇಟು ಬಿದ್ದ ದಿನದ ಹಾಗಿತ್ತು.

"ನಿನ್ನೆ ಟೈ ಕಟ್ಕೊಂಡು ಒಬ್ಬ ಬಂದಿದ್ದ ಕಣಯ್ಯಾ. ಸೈಬರ್ ಸೆಕ್ಯೂರಿಟಿ ಪ್ಯಾಕೇಜಂತೆ. ವರ್ಷಕ್ಕೆ 42,000 ರೂಪಾಯಿ. ಹಾಕಿಸ್ಕೊಳ್ಳಲಿಲ್ಲ ಅಂದ್ರೆ ರಷ್ಯಾದಿಂದ ನುಗ್ತಾರಂತೆ."

"ತಿಪಟೂರಿಗಾ?" ಅಂದೆ.

ಬ್ಯಾಂಕಿನಲ್ಲಿದ್ದ ರಾಯರು ಪೇಪರಿನಿಂದ ತಲೆ ಎತ್ತಿದರು. "ಕೊರಿಯರ್ ಹುಡುಗನಿಗೇ ನಿನ್ನ ಮಂಡಿ ಸಿಗಲ್ಲ, ಮೂರು ಸಲ ಫೋನ್ ಮಾಡ್ತಾನೆ. ರಷ್ಯಾದವರಿಗೆ ಹೇಗಪ್ಪಾ ಸಿಗುತ್ತೆ?"

ನನಗೆ ಈ ಟೈ ಕಟ್ಟಿದವರನ್ನು ಕಂಡರೆ ಆಗುವುದಿಲ್ಲ. ಮೊದಲು ವಾಸ್ತು ಸರಿಯಿಲ್ಲ ಅಂತ ಹೆದರಿಸಿದರು, ಆಮೇಲೆ ನೀರಿನಲ್ಲಿ ವಿಷ ಇದೆ ಅಂತ ಫಿಲ್ಟರ್ ಮಾರಿದರು, ಈಗ ಸೈಬರ್. ಸಾವಿರ ಜನ ಕೆಲಸ ಮಾಡುವ ಕಂಪನಿಗೆ ಹೊಲಿದ ಕೋಟನ್ನು ಒಂದು ಕಂಪ್ಯೂಟರು, ಎರಡು ಮೊಬೈಲು, ನಾಲ್ಕು ಕ್ಯಾಮೆರಾ ಇರುವ ಕೊಬ್ಬರಿ ಮಂಡಿಗೆ ತೊಡಿಸಿ, ತೋಳು ಉದ್ದ ಆಯ್ತಲ್ಲ ಅಂದರೆ ಮಡಚಿಕೊಳ್ಳಿ ಅನ್ನುತ್ತಾರೆ.

"ಅದಿರಲಿ, ನಿನ್ನ ಕ್ಯಾಮೆರಾದ ಪಾಸ್‌ವರ್ಡ್ ಏನು?" ಅಂತ ಕೇಳಿದೆ.

"ಹಾಕಿದ ಹುಡುಗ ಅಡ್ಮಿನ್ ಅಂತ ಇಟ್ಟಿದ್ದ. 2015ರಲ್ಲಿ. ಒಳ್ಳೆ ಹುಡುಗ, ಪಾಪ. ಈಗ ದುಬೈನಲ್ಲಿದ್ದಾನೆ."

"ಹಾಗಾದ್ರೆ ರಷ್ಯಾದವರು ತಿಪಟೂರಿಗೆ ಬರೋದು ಬೇಡ ಶೇಷಣ್ಣ. ನಿನ್ನ ಕ್ಯಾಮೆರಾನೇ ಹೊರಗೆ ಹೋಗಿ ಯುದ್ಧ ಮಾಡಿ ಬಂದಿರಬಹುದು."

ಇದು ತಮಾಷೆಯಲ್ಲ. 2016ರಲ್ಲಿ ಮಿರಾಯ್ ಅಂತ ಒಂದು ವೈರಸ್ ಬಂತು. ಅದು ಮಾಡಿದ್ದು ಇಷ್ಟೇ: ಊರೂರಿನ ಕ್ಯಾಮೆರಾ, ರೌಟರುಗಳ ಬಾಗಿಲು ತಟ್ಟಿ, ಫ್ಯಾಕ್ಟರಿಯಲ್ಲೇ ಇಟ್ಟ ಸುಮಾರು 60 ಪಾಸ್‌ವರ್ಡುಗಳನ್ನು ಒಂದೊಂದಾಗಿ ಹಾಕಿ ನೋಡಿತು. ತೆರೆದ ಮನೆಯಲ್ಲೆಲ್ಲ ಒಬ್ಬೊಬ್ಬ ಸಿಪಾಯಿ ಸಿಕ್ಕ. ಆ ಅಕ್ಟೋಬರ್ 21ಕ್ಕೆ ಇಂಥ ಸಾವಿರಾರು ಸಿಪಾಯಿಗಳು ಒಟ್ಟಿಗೆ ಮೇಲೆ ಬಿದ್ದು, ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಎಲ್ಲ ಗಂಟೆಗಟ್ಟಲೆ ಮಲಗಿದವು. ವೈರಸ್ ಬರೆದವರು ಮಹಾ ಗೂಢಚಾರರೇನಲ್ಲ, ಅಮೆರಿಕದ್ದೇ ಮೂವರು ಹುಡುಗರು.

ಶೇಷಣ್ಣ ಗೋಡೆಯ ಮೇಲಿನ ಕ್ಯಾಮೆರಾ ನೋಡಿದ. ಅದಕ್ಕೆ ಜೇಡರ ಬಲೆ ಕಟ್ಟಿತ್ತು.

"ಇದಾ? ಇದಕ್ಕೆ ಎದುರಿನ ಚರಂಡಿ ಬಿಟ್ಟು ಏನೂ ಕಾಣಲ್ಲ."

"ಅದಕ್ಕೇ ಬೇಜಾರಾಗಿ ಸೈನ್ಯ ಸೇರಿದ್ದು" ಅಂದೆ.

"ಮಾಜಿ ಸೈನಿಕರ ಪೆನ್ಷನ್‌ಗೆ ಅರ್ಜಿ ಹಾಕಿಬಿಡು" ಅಂದರು ರಾಯರು, ಬ್ಯಾಂಕಿನ ಅಭ್ಯಾಸ.

ಮಂಡಿಯ ಲೆಕ್ಕ ಬರೆಯುವ ಟ್ಯಾಲಿ ಮಂಜ ಮಾತ್ರ ಗಂಭೀರವಾಗಿದ್ದ. "ಅಣ್ಣ, ಅದಕ್ಕೇ ಇರಬೇಕು ನಮ್ಮ ಇಂಟರ್ನೆಟ್ ನಿಧಾನ."

ಮಂಜನ ಕಡೆ ತಿರುಗಿದ್ದೇ ತಪ್ಪಾಯಿತು. ಅವನ ಕಂಪ್ಯೂಟರಿನಲ್ಲಿ ಇನ್ನೂ ವಿಂಡೋಸ್ 7, ಅದೂ ಯಾರೋ ಸಿಡಿಯಿಂದ ಹಾಕಿಕೊಟ್ಟದ್ದು. 2020ರ ಜನವರಿಯಿಂದ ಅದಕ್ಕೆ ರಿಪೇರಿ ಬರುವುದು ನಿಂತಿದೆ ಮಾರಾಯಾ ಅಂದರೆ, "ಓಡ್ತಾ ಇದೆಯಲ್ಲ ಸಾರ್" ಅಂದ. 2017ರಲ್ಲಿ ವನ್ನಾಕ್ರೈ ಅನ್ನೋ ವೈರಸ್ ಬಂದು ಫೈಲುಗಳಿಗೆಲ್ಲ ಬೀಗ ಜಡಿದು 300 ಡಾಲರ್ ಕೇಳಿತಲ್ಲ, ಹಾಗಾದರೆ ನಿನ್ನ ಬಾಕಿ ಲೆಕ್ಕ ಎಲ್ಲಿಂದ ತರ್ತೀಯ ಅಂದೆ.

"ಬ್ಯಾಕಪ್ ಇದೆ ಸಾರ್. ಡಿ ಡ್ರೈವಲ್ಲಿ."

"ಯಾವ ಕಂಪ್ಯೂಟರಿನ ಡಿ ಡ್ರೈವು?"

"ಇದೇ."

ಅಂಗಡಿ ಬೀಗದ ಕೀ ಕಳೆದುಹೋದರೆ ಇರಲಿ ಅಂತ ಇನ್ನೊಂದು ಕೀ ಮಾಡಿಸಿ, ಅದನ್ನು ಅಂಗಡಿ ಒಳಗಿಟ್ಟು ಷಟರ್ ಎಳೆದ ಹಾಗಾಯಿತು.

"ಹಾಗಾದ್ರೆ ಆ 42,000 ಕೊಟ್ಟೇಬಿಡ್ಲಾ?" ಅಂದ ಶೇಷಣ್ಣ, ಧ್ವನಿ ಸಣ್ಣದಾಗಿತ್ತು.

"ಅಷ್ಟಕ್ಕೆ ಹೊಸ ಕಂಪ್ಯೂಟರೇ ಬರುತ್ತಲ್ಲೋ! ಅಸಲಿ ವಿಂಡೋಸ್ ಸಮೇತ. ಅದರೊಳಗೇ ಡಿಫೆಂಡರ್ ಅಂತ ವೈರಸ್ ಕಾವಲುಗಾರ ಇರ್ತಾನೆ, ಅವನಿಗೆ ಸಂಬಳವೂ ಬೇಡ, ಚಹಾನೂ ಬೇಡ. ಅಪ್‌ಡೇಟ್ ಬಂದಾಗ 'ನಾಳೆ' ಅಂತ ಒತ್ತಬೇಡ. ಒಂದು ಹಾರ್ಡ್ ಡಿಸ್ಕ್ ತಗೋ, ಸಂಜೆ ಲೆಕ್ಕ ಅದಕ್ಕೆ ಹಾಕಿ, ಬಿಚ್ಚಿ, ಗಲ್ಲಾದ ದುಡ್ಡಿನ ಜೊತೆ ಮನೆಗೆ ಒಯ್ಯಿ. ಚುಚ್ಚಿಕೊಂಡೇ ಬಿಟ್ಟರೆ ಅದಕ್ಕೂ ಬೀಗ ಬೀಳುತ್ತೆ."

"ಮತ್ತೆ ದುಡ್ಡು ಬರೋಕೆ ಪಿನ್ ಹಾಕಿ ಅಂತ ಯಾರಾದ್ರೂ ಅಂದ್ರೆ ಹಾಕಬೇಡಪ್ಪಾ" ಅಂದರು ರಾಯರು. "ಯುಪಿಐನಲ್ಲಿ ಪಿನ್ ಇರೋದು ಕೊಡೋಕೆ, ತಗೊಳ್ಳೋಕಲ್ಲ. ಮೋಸ ಹೋದ್ರೆ ತಕ್ಷಣ 1930ಕ್ಕೆ ಫೋನ್ ಮಾಡು. ಮೊದಲು ಭಾವಮೈದನಿಗೆ ಮಾಡಿ ಅರ್ಧ ದಿನ ಕಳೀಬೇಡ."

ಶೇಷಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಗಲ್ಲಾ ಪೆಟ್ಟಿಗೆಯ ಕೆಳಗಿಂದ ಕೆಂಪು ಬಟ್ಟೆಯ ರಟ್ಟಿನ ಖಾತೆ ಪುಸ್ತಕ ತೆಗೆದ. ಅವನ ಅಪ್ಪನದು.

"ಅಪ್ಪನ ಕಾಲದಲ್ಲಿ ಇದ್ಯಾವ್ದೂ ಇರಲಿಲ್ಲ. ಅವರ ಅಕ್ಷರ ಅವರಿಗೆ ಬಿಟ್ಟು ಯಾರಿಗೂ ಓದೋಕೆ ಬರ್ತಿರಲಿಲ್ಲ. ಯಾವ ಕಳ್ಳ ಬಂದ್ರೂ ಏನು ಮಾಡ್ತಾನೆ ಹೇಳು?"

ಪುಟ ತಿರುಗಿಸಿದೆ. ಇರುವೆ ಮಸಿಯಲ್ಲಿ ಬಿದ್ದು ಎದ್ದು ಓಡಿದಂಥ ಅಕ್ಷರ. ಅವರು ಒಂದು ರಾತ್ರಿ ಮಲಗಿದವರು ಏಳಲಿಲ್ಲ. ಮಾರನೆಯ ತಿಂಗಳು ಮನೆಯವರೆಲ್ಲ ಕೂತು ಓದಿದರೂ ಯಾರು ಎಷ್ಟು ಕೊಡಬೇಕು ಅನ್ನುವುದು ಗೊತ್ತಾಗಲಿಲ್ಲವಂತೆ.

"ಎಲ್ಲ ಮುಳುಗಿತಾ?"

"ಎಲ್ಲಿ ಮುಳುಗುತ್ತೆ. ತಿಥಿ ಮುಗಿದ ಮೇಲೆ ಒಬ್ಬೊಬ್ಬರೇ ಬಂದ್ರು. 'ನಿಮ್ಮಪ್ಪನಿಗೆ ಇಷ್ಟು ಕೊಡೋದಿತ್ತು' ಅಂತ ಇಟ್ಟು ಹೋದ್ರು. ಅವರು ಹೇಳಿದ್ದೇ ಲೆಕ್ಕ. ಬರದೇ ಇದ್ದವರು ಯಾರು ಅಂತ ನಮಗೆ ಗೊತ್ತೂ ಇಲ್ಲ. ಅದೇ ಒಳ್ಳೇದಾಯ್ತು ಅನ್ನು, ಇವತ್ತಿಗೂ ಎಲ್ಲರ ಹತ್ರ ನಕ್ಕು ಮಾತಾಡ್ತೀನಿ."

ಯಾರೂ ಮಾತಾಡಲಿಲ್ಲ. ಮೇಜಿನ ಮೇಲಿದ್ದ ಡಬ್ಬಿ ತಾನಾಗೇ 'ನೂರ ಹತ್ತು ರೂಪಾಯಿ ಸ್ವೀಕರಿಸಲಾಗಿದೆ' ಅಂತು.

ವಾರ ಬಿಟ್ಟು ಹೋದಾಗ ಕ್ಯಾಮೆರಾದ ಬಲೆ ಹೋಗಿತ್ತು. ಪಾಸ್‌ವರ್ಡ್ ಬದಲಾಯಿಸಿದ್ದ, ಉದ್ದದ್ದು, ಮಂಜನಿಗೂ ಹೇಳಿರಲಿಲ್ಲ.

"ಎಲ್ಲಾದ್ರೂ ಬರೆದಿಟ್ಟಿದ್ದೀಯಾ?"

"ಅಪ್ಪನ ಖಾತೆ ಪುಸ್ತಕದ ಕೊನೇ ಪುಟದಲ್ಲಿ. ನನ್ನ ಅಕ್ಷರವೂ ಅಪ್ಪನದೇ, ಯಾರಿಗೂ ಓದೋಕಾಗಲ್ಲ."

"ನಿನಗೆ?"

ಶೇಷಣ್ಣ ಪುಸ್ತಕ ತೆಗೆದ. ಕನ್ನಡಕ ಹಾಕಿಕೊಂಡ. ಪುಟವನ್ನು ಬಾಗಿಲ ಬೆಳಕಿಗೆ ಹಿಡಿದ. ಆಮೇಲೆ ತಲೆಕೆಳಗು ಮಾಡಿ ಹಿಡಿದ.